ಶಿಲಾಂತರ್ವಾಸಿ ಸೂಕ್ಷ್ಮಜೀವಿಗಳು

ಬಂಡೆಯ ಒಳರಂಧ್ರಗಳಲ್ಲಿ, ಹರಳುಗಳ ನಡುವಿನ ಸಂದುಗಳಲ್ಲಿ ಬಾಳುವ ನೀಲಿ-ಹಸಿರು ಪಾಚಿ, ಬ್ಯಾಕ್ಟೀರಿಯ, ಶಿಲೀಂಧ್ರ ಮತ್ತು ಕಲ್ಲುಹೂವುಗಳಿಗೆ ಈ ಹೆಸರು. ಬಂಡೆ ಇವುಗಳಿಗೆ ಮುಖ್ಯವಾಗಿ ಆಸರೆ. ಆಹಾರ ತಯಾರಿಗೆ ಶಕ್ತಿ ಬರುವುದು ಬೆಳಕಿನಿಂದ. ಶೀತ ಮರುಭೂಮಿಗಳಲ್ಲಿ ಇವುಗಳ ಅಧ್ಯಯನ ಹೆಚ್ಚು ನಡೆದಿದೆ.

ಇತಿಹಾಸ: 1903ರಲ್ಲಿ ಅಂಟಾರ್ಕ್ಟಿಕದ ಒಣಕಣಿವೆಗಳನ್ನು ಕಂಡ ಅನ್ವೇಷಕ ರಾಬರ್ಟ್ ಸ್ಕಾಟ್‌ಗೆ ಅಲ್ಲಿ ಹಾವಸೆಯೂ ಕಣ್ಣಿಗೆ ಬೀಳಲಿಲ್ಲ. ಹಂಗೇರಿ ಮೂಲದ ಜೀವವಿಜ್ಞಾನಿ ಇಮ್ರೆ ಫ್ರೀಡ್‌ಮನ್ 1960ರ ದಶಕದಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಕಲ್ಲುಗಳೊಳಗಿನ ಪಾಚಿಯನ್ನು ಅಭ್ಯಾಸ ಮಾಡಿದ್ದರು. 1973ರ ಡಿಸೆಂಬರಿನಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ವುಲ್ಫ್ ವಿಷ್ನಿಯಾಕ್ ಅಂಟಾರ್ಕ್ಟಿಕದಲ್ಲಿ ಜಾರಿ ಬಿದ್ದು ತೀರಿಕೊಂಡರು. ಅವರು ಸಂಗ್ರಹಿಸಿದ್ದ ಕಲ್ಲುಗಳು ಫ್ರೀಡ್‌ಮನ್ ಕೈಸೇರಿದವು. ಅವುಗಳೊಳಗೂ ಪಾಚಿ ಸಿಕ್ಕಿತು. ರೊಸೆಲಿ ಒಕಾಂಪೊ ಜೊತೆಗೂಡಿ ಫ್ರೀಡ್‌ಮನ್ 1976ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಅದೇ ವರ್ಷ ವೈಕಿಂಗ್ ನೌಕೆಗಳು ಮಂಗಳನ ಮೇಲೆ ಇಳಿದಿದ್ದರಿಂದ, ಅಲ್ಲಿಯ ಬಂಡೆಗಳೊಳಗೂ ಜೀವ ಅಡಗಿರಬಹುದೇ ಎಂಬ ಚರ್ಚೆಗೆ ಇದು ಇಂಬು ಕೊಟ್ಟಿತು.

ಹೊಂದಾಣಿಕೆ: ಒಣಕಣಿವೆಗಳ ಮರಳುಗಲ್ಲು ರಂಧ್ರಮಯ, ಬೆಳಕು ಅದರೊಳಗೆ ಕೆಲವು ಮಿಲಿಮೀಟರ್ ಇಳಿಯುತ್ತದೆ. ಬಿಸಿಲಿಗೆ ಒಡ್ಡಿದ ಕಲ್ಲು ಬೇಸಿಗೆಯಲ್ಲಿ ಗಾಳಿಗಿಂತ ಬೆಚ್ಚಗಾಗುತ್ತದೆ. ಮೇಲೆ ಬಿದ್ದ ಹಿಮ ಕರಗಿ ಒಳಗೆ ಇಂಗುತ್ತದೆ. ಕಲ್ಲನ್ನು ಸೀಳಿದರೆ ಸುಮಾರು 10 ಮಿ.ಮೀ. ಆಳದೊಳಗೆ ಕಪ್ಪು, ಬಿಳಿ, ಹಸಿರು ಪಟ್ಟಿಗಳು ಕಾಣುತ್ತವೆ. ಮೇಲಿನ ಕಪ್ಪು ವರ್ಣಕ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ. ಸಕ್ಕರೆಯಂಥ ಸಂಯುಕ್ತಗಳು ಕೋಶವನ್ನು ಹೆಪ್ಪುಗಟ್ಟುವಿಕೆಯಿಂದ ಕಾಯುತ್ತವೆ, ಲೋಳೆಯ ಹೊದಿಕೆ ತೇವ ಹಿಡಿದಿಡುತ್ತದೆ. ನೀರಿಲ್ಲದಾಗ ಜೀವಕ್ರಿಯೆ ನಿಲ್ಲುತ್ತದೆ. ತೇವ ಸಿಕ್ಕೊಡನೆ ಮತ್ತೆ ಶುರುವಾಗುತ್ತದೆ. ಬೆಳವಣಿಗೆ ಅತಿ ನಿಧಾನ: ಈ ಜೀವಸಮುದಾಯದಲ್ಲಿನ ಇಂಗಾಲ ಒಮ್ಮೆ ಪೂರ್ತಿ ಬದಲಾಗಲು ಸುಮಾರು 10,000 ವರ್ಷ ಬೇಕೆಂದು ಅಂದಾಜಿದೆ. ಇಲ್ಲಿಯ ಕ್ರಯೋಮೈಸಿಸ್ ಅಂಟಾರ್ಕ್ಟಿಕಸ್ ಎಂಬ ಶಿಲೀಂಧ್ರವನ್ನು 2008-09ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೆ ಒಂದೂವರೆ ವರ್ಷ ಇರಿಸಿದಾಗ, ಅದರ ಒಂದು ಪಾಲು ಬದುಕುಳಿಯಿತು.

ಭಾರತದ ಸಂಶೋಧನೆ: 1989ರಲ್ಲಿ ಅಂಟಾರ್ಕ್ಟಿಕದ ಶಿರ್ಮಾಕರ್ ಓಯಸಿಸ್‌ನಲ್ಲಿ ಭಾರತದ ಮೈತ್ರಿ ನೆಲೆ ಆರಂಭವಾಯಿತು. ಆ ಪ್ರದೇಶದ ಮಣ್ಣಿನ ಶೀತಪ್ರಿಯ ಬ್ಯಾಕ್ಟೀರಿಯಗಳ ಬಗ್ಗೆ ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿ.ಸಿ.ಎಂ.ಬಿ.) ಎಸ್. ಶಿವಾಜಿ ಮತ್ತು ಸಹೋದ್ಯೋಗಿಗಳು ಸಂಶೋಧನೆ ಮಾಡಿದ್ದಾರೆ. ಚಳಿಯಲ್ಲೂ ಕೋಶಪೊರೆ ಗಡುಸಾಗದಂತೆ ಇವು ಕೊಬ್ಬಿನಾಮ್ಲಗಳ ಪ್ರಮಾಣವನ್ನು ಬದಲಿಸಿಕೊಳ್ಳುತ್ತವೆ.

ಗದಗ ಸೀಮೆ: ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪ್ರದೇಶ ಅರೆಶುಷ್ಕ, ಹೆಪ್ಪುಗಟ್ಟುವ ಚಳಿ ಇಲ್ಲಿಲ್ಲ. ಕಪ್ಪತಗುಡ್ಡದ ಪದರುಶಿಲೆ, ಪಟ್ಟೆಕಬ್ಬಿಣದ ಬಂಡೆಗಳು ಒತ್ತಾದವು. ಬೆಳಕು ಅವುಗಳ ಒಳಗೆ ಇಳಿಯದು. ಪಾಚಿಗೆ ಒದಗುವುದು ಬಂಡೆಯ ಹೊರಮೈ. ಹಳೆಯ ಕಲ್ಲುಗುಡಿಗಳ ಗೋಡೆಯಲ್ಲಿ ಮಳೆನೀರು ಹರಿದ ಕಡೆ ಕಾಣುವ ಕಪ್ಪು ಪದರ ಹೆಚ್ಚಾಗಿ ಇಂಥ ನೀಲಿ-ಹಸಿರು ಪಾಚಿಯದೇ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಇಲ್ಲಿಯ ದಂಬಳದ ಗುಡ್ಡಗಳ ಚಿನ್ನದ ಶಿಲೆಗಳನ್ನು ವಿವರಿಸಿದರು. ಅಂಥ ಅದುರಿನ ಗಂಧಕ ಖನಿಜಗಳಿಂದಲೇ ಶಕ್ತಿ ಪಡೆಯುವ ಅಸಿಡಿಥಯೊಬ್ಯಾಸಿಲಸ್ ಬ್ಯಾಕ್ಟೀರಿಯ ಬೇರೊಂದು ಗುಂಪಿನದು. ಅದನ್ನು ಚಿನ್ನ ಬಿಡಿಸಲು ಬಳಸುವ ವಿಧಾನವೊಂದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಎ. ನಟರಾಜನ್ ಅಭಿವೃದ್ಧಿಪಡಿಸಿದರು, ಹಟ್ಟಿ ಚಿನ್ನದ ಗಣಿಯಲ್ಲಿ ಅದರ ಪ್ರಯೋಗವೂ ನಡೆಯಿತು.