ನಗರ ಬೆಳೆದಲ್ಲಿ ಶಾಲೆ ಯಾರ ಹೊಣೆ?

ಹೊಸ ಬಡಾವಣೆಯೊಂದು ತಲೆಯೆತ್ತುವಾಗ ಮೊದಲು ಕೇಳಿಬರುವುದು ರಸ್ತೆ, ಚರಂಡಿ, ನೀರು ಮತ್ತು ವಿದ್ಯುತ್ತಿನ ಮಾತು. ಶಾಲೆಯ ಮಾತು ಬರುವುದು ಜನ ವಾಸಕ್ಕೆ ಬಂದ ಮೇಲೆ. ಅಷ್ಟರಲ್ಲಿ ಶಾಲೆಗೆ ಬೇಕಾದ ನೆಲ ಬೇರೆಯವರ ಪಾಲಾಗಿರುತ್ತದೆ, ಇಲ್ಲವೇ ಅದರ ಬೆಲೆ ಸರ್ಕಾರದ ಕೈಗೂ ಎಟುಕದಷ್ಟು ಏರಿರುತ್ತದೆ. ಹಣವಿದ್ದವರು ಖಾಸಗಿ ಶಾಲೆಯ ಬಸ್ಸು ಹಿಡಿಯುತ್ತಾರೆ. ಆ ಬಡಾವಣೆಯನ್ನು ಕಟ್ಟಿದ ಕೂಲಿಕಾರರ ಮಕ್ಕಳು, ಮನೆಗೆಲಸದವರ ಮಕ್ಕಳು ಎಲ್ಲಿಗೆ ಹೋಗಬೇಕು? ಬೆಳೆಯುತ್ತಿರುವ ಪ್ರದೇಶಗಳಲ್ಲಿ ಶಾಲಾ ಸೀಟುಗಳನ್ನು ಯೋಜಿಸುವುದು ಯಾರ ಕರ್ತವ್ಯ, ಅದು ಹೇಗೆ ನಡೆಯಬೇಕು ಎಂಬುದರ ಸ್ಥೂಲ ಪರಿಚಯ ಇಲ್ಲಿದೆ.

ಬೆಳವಣಿಗೆಯ ಪ್ರಮಾಣ

ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರ ಜನಗಣತಿಯಲ್ಲಿ 65.37 ಲಕ್ಷವಿದ್ದುದು 2011ರಲ್ಲಿ 96.21 ಲಕ್ಷಕ್ಕೆ ಏರಿತು. ಅದೇ ದಶಕದಲ್ಲಿ ಇಡೀ ರಾಜ್ಯದ ಜನಸಂಖ್ಯೆ ಬೆಳೆದದ್ದು ಶೇ 15.6ರಷ್ಟಾದರೆ, ಈ ಜಿಲ್ಲೆ ಬೆಳೆದದ್ದು ಶೇ 47ರಷ್ಟು. ಇದಕ್ಕೆ ಕಾರಣ ಹೆಚ್ಚಿದ ಜನನವಲ್ಲ, ವಲಸೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನ ಪ್ರಕಾರ ಕರ್ನಾಟಕದ ಒಟ್ಟು ಫಲವಂತಿಕೆ ದರ 1.7ಕ್ಕೆ ಇಳಿದಿದೆ. ಅಂದರೆ ರಾಜ್ಯದಲ್ಲಿ ಒಟ್ಟು ಮಕ್ಕಳ ಸಂಖ್ಯೆ ಏರುತ್ತಿಲ್ಲ, ಮಕ್ಕಳು ಇರುವ ಜಾಗ ಮಾತ್ರ ಬದಲಾಗುತ್ತಿದೆ. ಹೀಗಾಗಿ ರಾಜ್ಯದ ಸರಾಸರಿಯನ್ನು ನೋಡಿದರೆ ಸೀಟುಗಳು ಸಾಕಷ್ಟಿವೆ ಎನಿಸಬಹುದು. ನಗರದ ಅಂಚಿನ ಒಂದು ವಾರ್ಡಿನ ಚಿತ್ರ ಬೇರೆಯೇ ಇರಬಹುದು. ಶಾಲಾ ಯೋಜನೆಯ ಲೆಕ್ಕ ವಾರ್ಡುವಾರು ನಡೆಯಬೇಕಾದದ್ದು ಇದೇ ಕಾರಣಕ್ಕೆ.

ಕಾನೂನು ಏನು ಹೇಳುತ್ತದೆ?

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. ನೆರೆಹೊರೆಯಲ್ಲಿ ಶಾಲೆ ಇಲ್ಲದಿದ್ದರೆ ಮೂರು ವರ್ಷಗಳೊಳಗೆ ಸ್ಥಾಪಿಸುವುದು ಸರ್ಕಾರ ಮತ್ತು ಸ್ಥಳೀಯ ಪ್ರಾಧಿಕಾರ ಎರಡರ ಕರ್ತವ್ಯವೆಂದು 6ನೆಯ ಸೆಕ್ಷನ್ ವಿಧಿಸಿತು. ಕರ್ನಾಟಕದ 2012ರ ನಿಯಮಗಳು ಈ ನೆರೆಹೊರೆಯನ್ನು 1ರಿಂದ 5ನೆಯ ತರಗತಿಗೆ ಒಂದು ಕಿಲೋಮೀಟರ್, 6ರಿಂದ 8ನೆಯ ತರಗತಿಗೆ ಮೂರು ಕಿಲೋಮೀಟರ್ ಎಂದು ಗುರುತಿಸಿದವು.

ಕಾಯ್ದೆಯ 9ನೆಯ ಸೆಕ್ಷನ್ ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ತನ್ನ ವ್ಯಾಪ್ತಿಯಲ್ಲಿ ವಾಸಿಸುವ 14 ವರ್ಷದವರೆಗಿನ ಮಕ್ಕಳ ದಾಖಲೆ ಇಡುವುದು, ಪ್ರವೇಶ ಮತ್ತು ಹಾಜರಾತಿಯ ಮೇಲೆ ನಿಗಾ ವಹಿಸುವುದು, ಕಟ್ಟಡ ಮತ್ತು ಬೋಧಕರನ್ನು ಒದಗಿಸುವುದು, ವಲಸೆ ಕುಟುಂಬಗಳ ಮಕ್ಕಳಿಗೆ ಪ್ರವೇಶ ದೊರಕಿಸುವುದು ಅವುಗಳಲ್ಲಿ ಮುಖ್ಯವಾದವು. ಮಹಾನಗರ ಪಾಲಿಕೆ, ಪುರಸಭೆ, ಪಂಚಾಯಿತಿ ಎಲ್ಲವೂ ಈ ವ್ಯಾಖ್ಯೆಗೆ ಒಳಪಡುತ್ತವೆ.

ಹಳ್ಳಿ ನಗರವಾದಾಗ

ಸಂವಿಧಾನದಲ್ಲಿ ಮಾತ್ರ ಹಳ್ಳಿಗೂ ನಗರಕ್ಕೂ ಒಂದು ವ್ಯತ್ಯಾಸವಿದೆ. ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳನ್ನು ಹೇಳುವ 11ನೆಯ ಅನುಸೂಚಿಯ 17ನೆಯ ಬಾಬು ಪ್ರಾಥಮಿಕ ಮತ್ತು ಪ್ರೌಢಶಾಲೆಗಳನ್ನು ಒಳಗೊಂಡ ಶಿಕ್ಷಣವನ್ನು ನೇರವಾಗಿ ಹೆಸರಿಸುತ್ತದೆ. ನಗರ ಸಂಸ್ಥೆಗಳಿಗೆ ಸಂಬಂಧಿಸಿದ 12ನೆಯ ಅನುಸೂಚಿಯಲ್ಲಿ ಶಾಲೆ ಎಂಬ ಪದವೇ ಇಲ್ಲ. ಅದರ 13ನೆಯ ಬಾಬು ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯಾತ್ಮಕ ಅಂಶಗಳನ್ನು ಉತ್ತೇಜಿಸುವ ಬಗ್ಗೆ ಮಾತ್ರ ಹೇಳುತ್ತದೆ.

2007ರಲ್ಲಿ 7 ನಗರಸಭೆ, 1 ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದಾಗ ಈ ವ್ಯತ್ಯಾಸ ಕಾಗದದಿಂದ ಬೀದಿಗೆ ಇಳಿಯಿತು. ಹಳ್ಳಿಯ ಶಾಲೆ ಶಿಕ್ಷಣ ಇಲಾಖೆಯ ಆಡಳಿತದಲ್ಲೇ ಉಳಿಯಿತು, ಅದರ ಬಗ್ಗೆ ಕೇಳುತ್ತಿದ್ದ ಗ್ರಾಮ ಪಂಚಾಯಿತಿ ಇಲ್ಲವಾಯಿತು. ಮಕ್ಕಳೇ ಎದ್ದು ನಿಂತು ಕೊಠಡಿ, ಶೌಚಾಲಯ ಬೇಕೆಂದು ಕೇಳಬಹುದಾದ ಮಕ್ಕಳ ಗ್ರಾಮಸಭೆಯಂತಹ ವೇದಿಕೆಗೂ ಅಲ್ಲಿ ಎಡೆಯಿಲ್ಲವಾಯಿತು. ಪಾಲಿಕೆಯೂ ಕೆಲವು ಶಾಲೆ, ಕಾಲೇಜು ಮತ್ತು ಶಿಶುವಿಹಾರಗಳನ್ನು ನಡೆಸುತ್ತಿತ್ತಾದರೂ ಅವು ಬಹುಪಾಲು ಹಳೆಯ ನಗರದಲ್ಲಿದ್ದವು.

2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಬಳಿಕ ಬಿಬಿಎಂಪಿಗೆ ಮತ್ತೆ ಚುನಾವಣೆ ನಡೆಯಲೇ ಇಲ್ಲ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯನ್ವಯ 2025ರ ಸೆಪ್ಟೆಂಬರ್‌ನಲ್ಲಿ ಅದರ ಸ್ಥಾನದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು.

ನೆಲದ ಲೆಕ್ಕ

ಶಾಲೆಯ ಭವಿಷ್ಯ ನಿರ್ಧಾರವಾಗುವುದು ಬಡಾವಣೆಯ ನಕ್ಷೆಯಲ್ಲಿ. ಬಿಡಿಎ ಕಾಯ್ದೆ, 1976ರ 16ನೆಯ ಸೆಕ್ಷನ್ ಪ್ರಕಾರ ಪ್ರಾಧಿಕಾರದ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಕನಿಷ್ಠ ಶೇ 15ರಷ್ಟು ಉದ್ಯಾನ ಮತ್ತು ಆಟದ ಮೈದಾನಕ್ಕೆ, ಅದರ ಜೊತೆಗೆ ಕನಿಷ್ಠ ಶೇ 10ರಷ್ಟು ನಾಗರಿಕ ಸೌಲಭ್ಯಕ್ಕೆ ಮೀಸಲಿಡಬೇಕು. ಜನರ ಬಾಯಲ್ಲಿ ಸಿಎ ಸೈಟ್ ಎನಿಸಿಕೊಂಡಿರುವುದು ಈ ಎರಡನೆಯದು. ಆದರೆ ಕಾಯ್ದೆಯ ಪ್ರಕಾರ ನಾಗರಿಕ ಸೌಲಭ್ಯವೆಂದರೆ ಶಾಲೆ ಮಾತ್ರವಲ್ಲ. ಮಾರುಕಟ್ಟೆ, ಅಂಚೆ ಕಚೇರಿ, ಬ್ಯಾಂಕು, ಆಸ್ಪತ್ರೆ, ನ್ಯಾಯಬೆಲೆ ಅಂಗಡಿ, ಹಾಲಿನ ಬೂತ್ ಇವೆಲ್ಲವೂ ಅದೇ ನೆಲಕ್ಕೆ ಹಕ್ಕುದಾರರು.

ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ 2014ರ ಯೋಜನಾ ಮಾರ್ಗಸೂಚಿಯು 5,000 ಜನಕ್ಕೆ 0.40 ಹೆಕ್ಟೇರಿನ ಒಂದು ಪ್ರಾಥಮಿಕ ಶಾಲೆ, 7,500 ಜನಕ್ಕೆ 1.80 ಹೆಕ್ಟೇರಿನ ಒಂದು ಹಿರಿಯ ಪ್ರೌಢಶಾಲೆ ಬೇಕೆನ್ನುತ್ತದೆ. ಉದಾಹರಣೆಗೆ, 7,500 ಜನ ನೆಲೆಸುವ 100 ಎಕರೆಯ ಬಡಾವಣೆಯನ್ನು ತೆಗೆದುಕೊಳ್ಳೋಣ. ಅಲ್ಲಿ ಸಿಎ ಸೈಟುಗಳಿಗೆ ಸಿಗುವುದು 10 ಎಕರೆ. ತಲಾ ಒಂದು ಶಾಲೆ ಕಟ್ಟಿದರೂ ಸುಮಾರು ಐದೂವರೆ ಎಕರೆ ಅವಕ್ಕೇ ಬೇಕು. ಮೊದಲೇ ಗುರುತು ಮಾಡಿಡದಿದ್ದರೆ ಇಷ್ಟು ನೆಲ ಒಟ್ಟಿಗೆ ಸಿಗುವ ಸಂಭವ ಕಡಿಮೆ.

ಮಕ್ಕಳ ಲೆಕ್ಕ

ನೆಲದ ನಂತರ ಬರುವುದು ಸಂಖ್ಯೆ. ಇಂದು ಜನಿಸಿದ ಮಗು ಒಂದನೆಯ ತರಗತಿಗೆ ಬರಲು ಆರು ವರ್ಷ ಬೇಕು. ಜನನ ನೋಂದಣಿ, ಅಂಗನವಾಡಿಯ ದಾಖಲೆ, ಮಂಜೂರಾದ ಬಡಾವಣೆ ಮತ್ತು ವಸತಿ ಸಮುಚ್ಚಯಗಳ ಮನೆಗಳ ಸಂಖ್ಯೆ, ಇಷ್ಟನ್ನು ಕೂಡಿಸಿದರೆ ಮುಂದಿನ ಐದಾರು ವರ್ಷಗಳ ಅಂದಾಜು ಸಿಗುತ್ತದೆ. ಜನನ ನೋಂದಣಿಯೂ ಕಟ್ಟಡ ಪರವಾನಗಿಯೂ ನಗರ ಸಂಸ್ಥೆಯ ಬಳಿಯೇ ಇರುತ್ತವೆ. ಶಾಲೆಯ ದಾಖಲಾತಿ ಮಾತ್ರ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯಲ್ಲಿರುತ್ತದೆ. ಈ ಕಡತಗಳನ್ನು ಒಂದೇ ಮೇಜಿನ ಮೇಲೆ ತರುವವರು ಯಾರು ಎಂಬುದೇ ಪ್ರಶ್ನೆ. 2021ರ ಜನಗಣತಿ ನಡೆಯದೆ ಹೋದುದು ಈ ಕೆಲಸವನ್ನು ಇನ್ನಷ್ಟು ಕಠಿಣಗೊಳಿಸಿತು. ಮುಂದಿನ ಜನಗಣತಿಗೆ ನಿಗದಿಯಾದ ಉಲ್ಲೇಖ ದಿನಾಂಕ 2027ರ ಮಾರ್ಚ್ 1.

ಬೇರೆಡೆಯ ಅನುಭವ

ಕೆಲವು ನಗರಗಳಲ್ಲಿ ಈ ಹೊಣೆಯನ್ನು ಕಾನೂನೇ ಒಬ್ಬರ ಹೆಗಲಿಗೆ ಹಾಕಿದೆ. 1888ರ ಮುಂಬಯಿ ಮಹಾನಗರ ಪಾಲಿಕೆ ಕಾಯ್ದೆಯ 61ನೆಯ ಸೆಕ್ಷನ್ ಪ್ರಾಥಮಿಕ ಶಾಲೆಗಳ ನಿರ್ವಹಣೆಯನ್ನು ಪಾಲಿಕೆಯ ಕಡ್ಡಾಯ ಕರ್ತವ್ಯಗಳಲ್ಲಿ ಸೇರಿಸಿದೆ. ಕನ್ನಡವೂ ಸೇರಿದಂತೆ ಎಂಟು ಮಾಧ್ಯಮಗಳಲ್ಲಿ ಆ ಪಾಲಿಕೆ ಶಾಲೆಗಳನ್ನು ನಡೆಸುತ್ತ ಬಂದಿದೆ.

ಇಂಗ್ಲೆಂಡಿನಲ್ಲಿ 1996ರ ಶಿಕ್ಷಣ ಕಾಯ್ದೆಯ 14ನೆಯ ಸೆಕ್ಷನ್ ಸಾಕಷ್ಟು ಶಾಲಾ ಸೀಟುಗಳನ್ನು ಖಾತ್ರಿಪಡಿಸುವ ಹೊಣೆಯನ್ನು ಸ್ಥಳೀಯ ಮಂಡಳಿಗಳಿಗೆ ವಹಿಸಿದೆ. ಹೊಸ ಮನೆಗಳಿಂದ ಎಷ್ಟು ಮಕ್ಕಳು ಬರುತ್ತಾರೆಂದು ಅಂದಾಜು ಮಾಡಿ, ಶಾಲೆಗೆ ತಗಲುವ ವೆಚ್ಚದಲ್ಲಿ ಪಾಲು ಕೊಡುವಂತೆ ನಿರ್ಮಾಣದಾರರೊಂದಿಗೆ ಒಪ್ಪಂದ ಮಾಡಿಕೊಳ್ಳಲು ಅಲ್ಲಿನ ಯೋಜನಾ ಕಾನೂನು ಅವಕಾಶ ನೀಡುತ್ತದೆ. ಅಲ್ಲಿಯೂ ಲೆಕ್ಕ ಸದಾ ಕೂಡಿ ಬರುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2001ರಲ್ಲಿ ಸುಮಾರು 5.95 ಲಕ್ಷವಿದ್ದ ಜನನ 2012ರಲ್ಲಿ 7.30 ಲಕ್ಷಕ್ಕೆ ಏರಿತು. ಮಂಡಳಿಗಳು ತರಾತುರಿಯಿಂದ ತರಗತಿಗಳನ್ನು ಹೆಚ್ಚಿಸಿದವು. ಬಳಿಕ ಜನನ ಇಳಿಯಿತು, ಲಂಡನ್ನಿನ ಕೆಲವು ಮಂಡಳಿಗಳು ಈಚಿನ ವರ್ಷಗಳಲ್ಲಿ ಪ್ರಾಥಮಿಕ ಶಾಲೆಗಳನ್ನು ಮುಚ್ಚಿವೆ. ಅಂದಾಜು ತಪ್ಪಬಹುದು, ಆದರೆ ತಪ್ಪಿದಾಗ ಯಾರನ್ನು ಕೇಳಬೇಕೆಂಬುದು ಅಲ್ಲಿನ ಪೋಷಕರಿಗೆ ಗೊತ್ತಿರುತ್ತದೆ.

ನಾಗರಿಕರು ಕೇಳಬಹುದಾದದ್ದು

ಕರ್ನಾಟಕದಲ್ಲಿ 2019ರ ನಿಯಮ ತಿದ್ದುಪಡಿಯ ನಂತರ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವೆಡೆ ಖಾಸಗಿ ಶಾಲೆಗಳ ಶೇ 25ರ ಉಚಿತ ಸೀಟುಗಳ ಅವಕಾಶ ಮೊಟಕಾಗಿದೆ. ಆದ್ದರಿಂದ ಆ ಸರ್ಕಾರಿ ಶಾಲೆಯಲ್ಲಿ ಕೊಠಡಿ ಇದೆಯೇ, ಬೋಧಕರಿದ್ದಾರೆಯೇ ಎಂಬುದು ಬಡ ಕುಟುಂಬಕ್ಕೆ ಹಿಂದಿಗಿಂತ ಹೆಚ್ಚು ಮುಖ್ಯ. 1ರಿಂದ 5ನೆಯ ತರಗತಿಗೆ 30 ಮಕ್ಕಳಿಗೊಬ್ಬ ಶಿಕ್ಷಕ, 6ರಿಂದ 8ನೆಯ ತರಗತಿಗೆ 35 ಮಕ್ಕಳಿಗೊಬ್ಬ ಶಿಕ್ಷಕ ಇರಬೇಕೆಂಬುದು ಕಾಯ್ದೆಯ ಅನುಸೂಚಿಯ ಮಾತು.

ಬಡಾವಣೆಯ ನಿವಾಸಿಗಳು ಮೂರು ಪ್ರಶ್ನೆಗಳನ್ನು ಕೇಳಬಹುದು. ನಮ್ಮ ಬಡಾವಣೆಯ ಸಿಎ ಸೈಟುಗಳು ಎಷ್ಟು, ಯಾವುದಕ್ಕೆ ಹಂಚಿಕೆಯಾಗಿವೆ? 9ನೆಯ ಸೆಕ್ಷನ್ ಹೇಳುವ ಮಕ್ಕಳ ದಾಖಲೆಯನ್ನು ನಮ್ಮ ನಗರ ಸಂಸ್ಥೆ ಇಟ್ಟಿದೆಯೇ? ಒಂದು ಕಿಲೋಮೀಟರಿನೊಳಗಿನ ಸರ್ಕಾರಿ ಶಾಲೆಯಲ್ಲಿ ಈ ವರ್ಷ ಉಳಿದಿರುವ ಸೀಟುಗಳೆಷ್ಟು? ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಸಲ್ಲಿಸಿದರೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕು. ಬಡಾವಣೆಗೆ ಬೇಕಾದ ಇತರ ಸೌಕರ್ಯಗಳನ್ನು ತಡವಾಗಿಯಾದರೂ ತರಬಹುದು. ಆದರೆ ಶಾಲೆ ಐದು ವರ್ಷ ತಡವಾದರೆ ಒಂದನೆಯ ತರಗತಿಗೆ ಸೇರಬೇಕಿದ್ದ ಮಗುವಿನ ಇಡೀ ಪ್ರಾಥಮಿಕ ಶಿಕ್ಷಣವೇ ಕೈತಪ್ಪಿ ಹೋಗುತ್ತದೆ.