ಕಾಗದ ಯಾರಿಗೆ ಬರೆಯಬೇಕು? ಮುಂಬಯಿ ಇಲಾಖೆಯ ರಾಜತಾಂತ್ರಿಕ ವ್ಯವಹಾರ, 1773–1948

ಯುರೋಪಿಯನ್ ಒಕ್ಕೂಟ ತನ್ನದೇ ಆದ ರಾಜತಾಂತ್ರಿಕ ಸೇವೆಯನ್ನು ಕಟ್ಟಿಕೊಂಡದ್ದು ತೀರ ಈಚೆಗೆ. 2009ರಲ್ಲಿ ಜಾರಿಗೆ ಬಂದ ಲಿಸ್ಬನ್ ಒಪ್ಪಂದ ಅದಕ್ಕೆ ದಾರಿ ಮಾಡಿತು; 2010ರ ಡಿಸೆಂಬರ್ 1ರಂದು ಸೇವೆ ಆರಂಭವಾಯಿತು. ನಡುವಿನ ಒಂದು ವರ್ಷ ಬ್ರಸೆಲ್ಸ್‌ನಲ್ಲಿ ನಡೆದ ಜಗ್ಗಾಟವೆಲ್ಲ ಆಡಳಿತದ ಪ್ರಶ್ನೆಗಳ ಸುತ್ತಲೇ ಇತ್ತು: ನೇಮಕ ಮಾಡುವವರು ಯಾರು, ಸಿಬ್ಬಂದಿ ಎಲ್ಲಿಂದ ಬರಬೇಕು, ಹಣದ ಹಿಡಿತ ಯಾರದು. ಕನಿಷ್ಠ ಮೂರನೇ ಒಂದು ಪಾಲು ಸದಸ್ಯ ದೇಶಗಳ ಅಧಿಕಾರಿಗಳಿರಬೇಕೆಂದು ಕೊನೆಗೆ ತೀರ್ಮಾನವಾಯಿತು. ಆದರೆ ದೇಶಗಳು ತಮ್ಮ ತಮ್ಮ ಕಚೇರಿಗಳನ್ನು ಬಿಟ್ಟುಕೊಡಲಿಲ್ಲ. ಒಕ್ಕೂಟದ ನಿಯೋಗ ದಿಲ್ಲಿಯಲ್ಲಿದ್ದರೆ, ಮುಂಬಯಿಯಲ್ಲಿ ಜರ್ಮನಿ, ಫ್ರಾನ್ಸ್, ಇಟಲಿಗಳ ಕಾನ್ಸುಲೇಟುಗಳು ಇಂದಿಗೂ ಬೇರೆಬೇರೆಯಾಗಿಯೇ ನಡೆಯುತ್ತಿವೆ.

ಈ ಪ್ರಶ್ನೆಗಳೆಲ್ಲ ಮುಂಬಯಿಗೆ ಹಳೆಯವು. ಈಸ್ಟ್ ಇಂಡಿಯಾ ಕಂಪನಿಯ ಕಲ್ಕತ್ತೆ, ಮದರಾಸು, ಮುಂಬಯಿ ಇಲಾಖೆಗಳು ಒಂದೊಂದೂ ಸ್ವಂತ ಸೈನ್ಯ, ಸ್ವಂತ ಖಜಾನೆ ಇಟ್ಟುಕೊಂಡು, ಸ್ವಂತ ಒಪ್ಪಂದ ಮಾಡಿಕೊಳ್ಳುತ್ತಿದ್ದವು. ಇವು ಸಾರ್ವಭೌಮ ದೇಶಗಳಾಗಿರಲಿಲ್ಲ, ಒಂದೇ ಕಂಪನಿಯ ಮೂರು ಶಾಖೆಗಳು; ಹೋಲಿಕೆಗೆ ಇಷ್ಟು ಮಿತಿ ಇದ್ದೇ ಇದೆ. ಹಾಗಿದ್ದೂ ಮೂರರ ಹೊರವ್ಯವಹಾರವನ್ನು ಒಂದೇ ಸೇವೆಗೆ ತರಲು 160 ವರ್ಷ ಹಿಡಿಯಿತು. ಕಾಯಿದೆ ಮೊದಲ ದಿನವೇ ಸಿಕ್ಕಿತ್ತು. ದೂರದ ಊರಿನಲ್ಲಿ ಕಂಪನಿಯ ಪ್ರತಿನಿಧಿಯಾಗಿ ಕುಳಿತ ರೆಸಿಡೆಂಟನು ಕಾಗದ ಯಾರಿಗೆ ಬರೆಯುತ್ತಾನೆ, ಸಂಬಳ ಯಾರಿಂದ ಪಡೆಯುತ್ತಾನೆ ಎಂಬುದು ಬದಲಾಗುವವರೆಗೆ ಆ ಕಾಯಿದೆಗೆ ಬಲ ಬರಲಿಲ್ಲ ಎಂಬುದು ಈ ಲೇಖನದ ವಾದ.

1773ರ ರೆಗ್ಯುಲೇಟಿಂಗ್ ಆಕ್ಟ್ ಯುದ್ಧ ಮತ್ತು ಸಂಧಿಯ ವಿಷಯದಲ್ಲಿ ಮುಂಬಯಿ, ಮದರಾಸುಗಳನ್ನು ಕಲ್ಕತ್ತೆಯ ಕೈಕೆಳಗೆ ತಂದಿತು. ಎರಡು ವರ್ಷ ಕಳೆಯುವುದರೊಳಗೆ ಮುಂಬಯಿ ಕೌನ್ಸಿಲ್ ಅದನ್ನು ಮೂಲೆಗಿಟ್ಟು, ಪೇಶ್ವೆ ಪಟ್ಟಕ್ಕಾಗಿ ಹೊಡೆದಾಡುತ್ತಿದ್ದ ರಘುನಾಥರಾಯನೊಡನೆ 1775ರ ಮಾರ್ಚ್‌ನಲ್ಲಿ ಸೂರತ್ ಒಪ್ಪಂದ ಮಾಡಿಕೊಂಡಿತು. ಸಾಲ್ಸೆಟ್, ಅಂದರೆ ಇಂದಿನ ಮುಂಬಯಿ ಉಪನಗರಗಳ ನೆಲ, ಮತ್ತು ವಸಯಿ ಅದರ ಬೆಲೆ. ಕಲ್ಕತ್ತೆ ಕೆರಳಿ, ಕರ್ನಲ್ ಅಪ್ಟನ್‌ನನ್ನು ಪುಣೆಗೆ ಕಳಿಸಿ, ಎದುರು ಪಕ್ಷದವರೊಡನೆ 1776ರಲ್ಲಿ ಪುರಂದರ ಒಪ್ಪಂದ ಮಾಡಿಸಿತು. ಒಂದೇ ಕಂಪನಿ, ಒಂದೇ ದರಬಾರು, ಒಂದಕ್ಕೊಂದು ತದ್ವಿರುದ್ಧವಾದ ಎರಡು ಕರಾರು! ಎದುರು ಪಕ್ಷದ ಮುಖಂಡ ನಾನಾ ಫಡ್ನವೀಸನಂಥ ಚಾಣಾಕ್ಷ ಇದರ ಲಾಭ ಪಡೆಯದೆ ಬಿಟ್ಟಾನೆಯೇ? 1779ರ ಜನವರಿಯಲ್ಲಿ ವಡಗಾಂವದಲ್ಲಿ ಸೋತು ಮುಂಬಯಿ ಸೈನ್ಯ ಬರೆದುಕೊಟ್ಟ ಒಪ್ಪಂದವನ್ನೂ ಕಲ್ಕತ್ತೆ ಒಪ್ಪಲಿಲ್ಲ.

ಕನ್ನಡ ಕರಾವಳಿಯಲ್ಲಿ ಇದೇ ಗೊಂದಲ ಇನ್ನೊಂದು ರೂಪದಲ್ಲಿ ಕಂಡಿತು. 1783ರಲ್ಲಿ ಬಿದನೂರನ್ನು ಹಿಡಿದು ಕಳೆದುಕೊಂಡವನು ಮುಂಬಯಿಯ ಜನರಲ್ ಮ್ಯಾಥ್ಯೂಸ್. ಮಂಗಳೂರು ಕೋಟೆಯಲ್ಲಿ ಟಿಪ್ಪುವಿನ ಮುತ್ತಿಗೆಗೆ ಸಿಕ್ಕಿ, ತಿಂಗಳುಗಟ್ಟಲೆ ಹಸಿದು, 1784ರ ಜನವರಿಯಲ್ಲಿ ಶರಣಾದದ್ದೂ ಮುಂಬಯಿಯ ದಂಡೇ. ಟಿಪ್ಪುವಿನೊಡನೆ ಸಂಧಿಗೆ ಕುಳಿತವರು ಮಾತ್ರ ಮದರಾಸಿನ ಗವರ್ನರ್ ಮೆಕಾರ್ಟ್ನಿ ಕಳಿಸಿದ ಮೂವರು ಕಮಿಷನರರು. ಮಾರ್ಚ್ 11ರಂದು ಅವರು ಸಹಿ ಹಾಕಿದ ಮಂಗಳೂರು ಒಪ್ಪಂದ ಕಲ್ಕತ್ತೆಯ ವಾರನ್ ಹೇಸ್ಟಿಂಗ್ಸ್‌ಗೆ ಹಿಡಿಸಲಿಲ್ಲ. ಆ ವರ್ಷವೇ ಬಂದ ಪಿಟ್‌ನ ಇಂಡಿಯಾ ಆಕ್ಟ್ ಗವರ್ನರ್ ಜನರಲ್ಲನ ಹಿಡಿತವನ್ನು ಬಿಗಿಗೊಳಿಸಿತು. ಹಿಂದಿನ ವರ್ಷ ಕಲ್ಕತ್ತೆಯಲ್ಲಿ ಪ್ರತ್ಯೇಕ ವಿದೇಶಾಂಗ ಇಲಾಖೆಯೂ ತೆರೆದಿತ್ತು. 1786ರಲ್ಲಿ ಪುಣೆಗೆ ರೆಸಿಡೆಂಟನಾಗಿ ಹೋದ ಚಾರ್ಲ್ಸ್ ಮ್ಯಾಲೆಟ್ ಹೊಸ ಪದ್ಧತಿಯ ಮಾದರಿ: ನೌಕರಿ ಮುಂಬಯಿಯದು, ಹುಕುಂ ಕಲ್ಕತ್ತೆಯದು.

ಮರಾಠರ ಮಟ್ಟಿಗೆ ಇಷ್ಟು ಸಾಕಾಯಿತು. ಸಮುದ್ರದಾಚೆಯ ಕತೆ ಬೇರೆ. ಪರ್ಶಿಯಾ ಕೊಲ್ಲಿಯ ಬುಶೈರ್‌ನಲ್ಲಿ 1763ರಿಂದ ಕಂಪನಿಯ ರೆಸಿಡೆನ್ಸಿ ಇತ್ತು. ಅಲ್ಲಿಗೆ ಹಡಗು ಹೊರಡುತ್ತಿದ್ದದ್ದು ಮುಂಬಯಿ ಬಂದರಿನಿಂದ, ಕಾವಲು ಮುಂಬಯಿ ನೌಕಾದಳದ್ದು. ಕೊಲ್ಲಿಯ ಬಂದರುಗಳಲ್ಲಿ ಕಂಪನಿಯ ಏಜೆಂಟರಾಗಿ ಕೆಲಸ ಮಾಡಿದ ಸ್ಥಳೀಯ ವರ್ತಕರಲ್ಲಿ ಹಲವರ ಲೇವಾದೇವಿಯೂ ಮುಂಬಯಿಯೊಡನೆಯೇ ಇತ್ತು. ಕಲ್ಕತ್ತೆಯಲ್ಲಿ ಕುಳಿತು ಇದನ್ನೆಲ್ಲ ನಡೆಸುವುದು ಆಗದ ಮಾತು.

1802ರಲ್ಲಿ ನಡೆದ ಒಂದು ಪ್ರಕರಣವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಪರ್ಶಿಯಾದ ಷಾ ಫತೇ ಅಲಿಯ ರಾಯಭಾರಿ ಹಾಜಿ ಖಲೀಲ್ ಖಾನ್ ಮುಂಬಯಿಗೆ ಬಂದಿಳಿದ. ಗವರ್ನರ್ ಜೋನಥನ್ ಡಂಕನ್ ಅವನ ಬಿಡಾರಕ್ಕೆ ಗೌರವದ ಕಾವಲಾಗಿ ಸಿಪಾಯಿಗಳನ್ನಿಟ್ಟಿದ್ದ. ಜುಲೈ ತಿಂಗಳಲ್ಲೊಂದು ದಿನ ರಾಯಭಾರಿಯ ಆಳುಗಳಿಗೂ ಸಿಪಾಯಿಗಳಿಗೂ ಜಗಳ ಹತ್ತಿತು. ಬಿಡಿಸಲು ಹೊರಬಂದ ಖಲೀಲ್ ಖಾನ್ ಗುಂಡೇಟು ತಿಂದು ಸತ್ತ. ಅತಿಥಿಯಾಗಿ ಬಂದ ರಾಯಭಾರಿ ಆತಿಥೇಯರ ಕಾವಲಿನವರ ಗುಂಡಿಗೇ ಬಲಿಯಾದಾಗ ಷಾನಿಗೆ ಉತ್ತರ ಹೇಳಬೇಕಾದವರು ಯಾರು? ಘಟನೆ ನಡೆದದ್ದು ಮುಂಬಯಿಯಲ್ಲಿ. ಸಮಾಧಾನಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿ ತನ್ನ ಆಪ್ತ ಜಾನ್ ಮಾಲ್ಕಮ್‌ನನ್ನು ಕಲ್ಕತ್ತೆಯಿಂದ ಅಟ್ಟಿದ. ಸತ್ತವನ ಬಂಧುಗಳಿಗೆ ಉದಾರವಾಗಿ ಪಿಂಚಣಿ ಕೊಡಲಾಯಿತು. ಸಂತಾಪದ ಪತ್ರ ಒಯ್ಯಬೇಕಿದ್ದ ಅಧಿಕಾರಿ ಅನಾರೋಗ್ಯವೆಂದು ಹಿಂದೆ ಸರಿದಾಗ, ಬಸ್ರಾದ ರೆಸಿಡೆಂಟ್ ಸ್ಯಾಮ್ಯುಯೆಲ್ ಮ್ಯಾನೆಸ್ಟಿ, ಯಾರೂ ಹೇಳದಿದ್ದರೂ, ತಾನೇ ರಾಯಭಾರಿಯೆಂದುಕೊಂಡು 1804ರಲ್ಲಿ ಭಾರಿ ಪರಿವಾರ ಕಟ್ಟಿಕೊಂಡು ಷಾನ ಬಳಿಗೆ ಹೋದ. ಹೊಣೆ ಯಾರದೆಂದು ಗೊತ್ತಿಲ್ಲದ ಕಡೆ ಇಂಥ ಮಹತ್ವಾಕಾಂಕ್ಷಿಗಳಿಗೆ ಸುಗ್ಗಿ.

ಆರು ವರ್ಷದ ಮೇಲೆ ನಡೆದದ್ದು ಇದಕ್ಕಿಂತ ಕೆಟ್ಟದ್ದು. ಲಂಡನ್ ಸರಕಾರ ಹಾರ್ಫರ್ಡ್ ಜೋನ್ಸ್‌ನನ್ನು ಪರ್ಶಿಯಾಕ್ಕೆ ರಾಯಭಾರಿಯಾಗಿ ನೇಮಿಸಿತು. ಗವರ್ನರ್ ಜನರಲ್ ಮಿಂಟೋ ಅದೇ ಪರ್ಶಿಯಾಕ್ಕೆ ಮಾಲ್ಕಮ್‌ನನ್ನು ಕಳಿಸಿದ. ಮಾಲ್ಕಮ್ ಆ ಹೊತ್ತಿಗೆ ಮೈಸೂರಿನ ರೆಸಿಡೆಂಟನೂ ಆಗಿದ್ದವನು. ಜೋನ್ಸ್ 1808ರ ಏಪ್ರಿಲ್‌ನಲ್ಲಿ ಮುಂಬಯಿಗೆ ಬಂದಾಗ ಮಾಲ್ಕಮ್ ಆಗಲೇ ಕೊಲ್ಲಿಯತ್ತ ಹೊರಟಾಗಿತ್ತು. ಬುಶೈರ್‌ನಿಂದ ಮುಂದಕ್ಕೆ ಬಿಡದೆ ಪರ್ಶಿಯನ್ನರು ಅವನನ್ನು ಬರಿಗೈಲಿ ಹಿಂದಕ್ಕೆ ಕಳಿಸಿದರು. ಮುಂಬಯಿಯಲ್ಲಿ ತಡೆದು ಕುಳಿತಿದ್ದ ಜೋನ್ಸ್ ಸೆಪ್ಟೆಂಬರ್‌ನಲ್ಲಿ ಹಡಗು ಹತ್ತಿ, 1809ರ ಮಾರ್ಚ್‌ನಲ್ಲಿ ಟೆಹರಾನ್‌ನಲ್ಲಿ ಒಪ್ಪಂದ ಮಾಡಿಕೊಂಡೇಬಿಟ್ಟ. ಸಿಟ್ಟಾದ ಮಿಂಟೋ ಜೋನ್ಸ್ ಬರೆದ ಹುಂಡಿಗಳನ್ನು ಸ್ವೀಕರಿಸಬಾರದೆಂದು ಆಜ್ಞೆ ಹೊರಡಿಸಿದ. ಒಪ್ಪಂದಕ್ಕೆ ಲಂಡನ್ನಿನ ಬೆಂಬಲವಿದ್ದರೂ ಖರ್ಚಿನ ಹಣ ಹೊರಡಬೇಕಾದದ್ದು ಇಂಡಿಯಾದ ಖಜಾನೆಯಿಂದ ಎಂಬ ಸತ್ಯ ಅಲ್ಲಿ ಬಯಲಾಯಿತು. ರಾಜತಾಂತ್ರಿಕ ಇತಿಹಾಸ ಬರೆಯುವವರು ಒಪ್ಪಂದದ ಕಲಮುಗಳಿಗೆ ಕೊಡುವ ಗಮನದಲ್ಲಿ ಅರ್ಧವನ್ನಾದರೂ ಹುಂಡಿಗಳಿಗೆ ಕೊಟ್ಟರೆ ಒಳ್ಳೆಯದು.

ಇಷ್ಟಾದ ಮೇಲೂ ಮುಂಬಯಿಯ ಹೊರವ್ಯವಹಾರ ಬೆಳೆಯುತ್ತಲೇ ಹೋಯಿತು. ಕೊಲ್ಲಿಯ ಷೇಕರೊಡನೆ 1820ರ ಸಾಮಾನ್ಯ ಒಪ್ಪಂದ ಮುಂಬಯಿ ಕಳಿಸಿದ ದಂಡಯಾತ್ರೆಯ ಫಲ. 1839ರಲ್ಲಿ ಏಡನ್ ಕೈಸೇರಿತು. ಜಂಜಿಬಾರ್‌ನ ಏಜೆಂಟನೂ ಮುಂಬಯಿಗೇ ವರದಿ ಕಳಿಸುತ್ತಿದ್ದ. ಈ ವ್ಯವಸ್ಥೆಯ ಬುಡ ಸಡಿಲಿಸಿದ್ದು 1864ರಲ್ಲಿ ಕೊಲ್ಲಿಯ ತಳದಲ್ಲಿ ಹಾಸಿದ ತಂತಿ. ಬುಶೈರ್‌ನಿಂದ ಸುದ್ದಿ ಹಡಗಿಗೆ ಕಾಯಬೇಕಾಗಿರಲಿಲ್ಲ. ನಡುವೆ ಮುಂಬಯಿ ಏಕೆ ಬೇಕು ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. 1873ರಲ್ಲಿ ಬುಶೈರ್, ಜಂಜಿಬಾರ್ ಎರಡೂ ಇಂಡಿಯಾ ಸರಕಾರದ ನೇರ ಹತೋಟಿಗೆ ಹೋದವು. ಕಾಯಿದೆಯಾಗಿ ಆಗ ಸರಿಯಾಗಿ ನೂರು ವರ್ಷ.

ಇನ್ನುಳಿದದ್ದು ದೇಶೀ ಸಂಸ್ಥಾನಗಳ ವ್ಯವಹಾರ. ಕಾಠೇವಾಡದಿಂದ ಸವಣೂರಿನವರೆಗೆ ನೂರಾರು ಸಂಸ್ಥಾನಗಳನ್ನು ಮುಂಬಯಿ ತನ್ನದೇ ಪೊಲಿಟಿಕಲ್ ಇಲಾಖೆಯ ಮೂಲಕ ನೋಡಿಕೊಳ್ಳುತ್ತಿತ್ತು. ಇಲ್ಲಿ ಜಿಲ್ಲಾಧಿಕಾರಿಯೇ ಎಷ್ಟೋ ಸಲ ರಾಜತಾಂತ್ರಿಕ: ಸವಣೂರು ನವಾಬರ ಪೊಲಿಟಿಕಲ್ ಏಜೆಂಟ್ ಧಾರವಾಡದ ಕಲೆಕ್ಟರ. ಕಂದಾಯ ವಸೂಲಿ ಮಾಡುವ ಕೈಯೇ ಸ್ನೇಹದ ಖಲೀತೆಯನ್ನೂ ಬರೆಯುವುದರ ಅಪಾಯ ನರಗುಂದದಲ್ಲಿ ಬಯಲಿಗೆ ಬಂತು. 1858ರಲ್ಲಿ ದಕ್ಷಿಣ ಮರಾಠಾ ಸೀಮೆಯ ಹಂಗಾಮಿ ಏಜೆಂಟನಾಗಿದ್ದ ಚಾರ್ಲ್ಸ್ ಮ್ಯಾನ್ಸನ್ ಹಿಂದೆ ಇನಾಮ್ ಕಮಿಷನ್ನಿನಲ್ಲಿದ್ದು, ಜನರ ಇನಾಮು ಭೂಮಿಗಳನ್ನು ಜಾಲಾಡಿದವನು. ದತ್ತಕಕ್ಕೆ ಅನುಮತಿ ಸಿಗದೆ ಕುದಿಯುತ್ತಿದ್ದ ನರಗುಂದದ ಬಾಬಾಸಾಹೇಬನ ಎದುರು ಸರಕಾರದ ಮುಖವಾಗಿ ನಿಲ್ಲಿಸಲು ಇವನಿಗಿಂತ ಅಯೋಗ್ಯ ಸಿಗುತ್ತಿರಲಿಲ್ಲ. ಮೇ 29ರ ರಾತ್ರಿ ಸುರೇಬಾನದಲ್ಲಿ ಮ್ಯಾನ್ಸನ್ ಕೊಲೆಯಾದ. ಅವನ ತಲೆಯನ್ನು ನರಗುಂದಕ್ಕೆ ತಂದು ಊರ ಬಾಗಿಲಿಗೆ ತೂಗುಹಾಕಿದರು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು. ಆದರೆ ಈ ಪದ್ಧತಿ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ.

ಕೇಂದ್ರದ ಪೊಲಿಟಿಕಲ್ ಸೇವೆಯಲ್ಲೂ ತರಬೇತಾದ ರಾಜತಾಂತ್ರಿಕರೇನೂ ತುಂಬಿರಲಿಲ್ಲ. ಸುಮಾರು ಶೇ. 70ರಷ್ಟು ಜನ ಸೈನ್ಯದಿಂದ, ಉಳಿದವರು ಬಹುಮಟ್ಟಿಗೆ ಐಸಿಎಸ್‌ನಿಂದ ಬರುತ್ತಿದ್ದರು. 1919ರ ಸುಧಾರಣೆಯ ಹೊತ್ತಿಗೆ ದೊಡ್ಡ ಸಂಸ್ಥಾನಗಳು ನೇರ ಇಂಡಿಯಾ ಸರಕಾರದೊಡನೆ ವ್ಯವಹರಿಸಬೇಕೆಂಬ ನೀತಿ ಗಟ್ಟಿಯಾಯಿತು. ಪ್ರಾಂತಗಳಿಗೆ ಚುನಾಯಿತ ಮಂತ್ರಿಗಳು ಬರುತ್ತಿದ್ದುದರಿಂದ, ಸಂಸ್ಥಾನಿಕರ ವಿಷಯ ಅವರ ಕೈಗೆ ಸಿಗಬಾರದೆಂಬ ಎಚ್ಚರವೂ ಇದರ ಹಿಂದೆ ಇತ್ತೆಂದು ನನ್ನ ಅಂದಾಜು. ಕಾಠೇವಾಡ 1924ರಲ್ಲಿ, ಏಡನ್ 1932ರಲ್ಲಿ ಮುಂಬಯಿಯ ಕೈಬಿಟ್ಟವು. 1933ರಲ್ಲಿ ಕೊಲ್ಹಾಪುರದಲ್ಲಿ ಡೆಕ್ಕನ್ ಸ್ಟೇಟ್ಸ್ ಏಜೆನ್ಸಿ ತೆರೆದು ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರುಗಳೂ ದಿಲ್ಲಿಯ ಲೆಕ್ಕಕ್ಕೆ ಹೋದವು.

1946ರಲ್ಲಿ ಮಧ್ಯಂತರ ಸರಕಾರ ಭಾರತೀಯ ವಿದೇಶಾಂಗ ಸೇವೆಯನ್ನು ಸ್ಥಾಪಿಸಿತು. ಮುಂದೆ ವಿದೇಶಾಂಗ ಕಾರ್ಯದರ್ಶಿಯಾದ ಕೆ.ಪಿ.ಎಸ್. ಮೆನನ್ ಹಳೆಯ ಪೊಲಿಟಿಕಲ್ ಸೇವೆಯಲ್ಲಿ ಪಳಗಿದವರು. ಕೊಲ್ಲಿಯ ರೆಸಿಡೆನ್ಸಿ ಮಾತ್ರ ಭಾರತಕ್ಕೆ ಬರದೆ ಲಂಡನ್ನಿನ ಪಾಲಾಯಿತು. ಡೆಕ್ಕನ್ ಸಂಸ್ಥಾನಗಳು 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಜಮಖಂಡಿ, ಮುಧೋಳಗಳು ವಿಜಾಪುರ ಜಿಲ್ಲೆಗೆ, ರಾಮದುರ್ಗ ಬೆಳಗಾವಿಗೆ ಸೇರಿದವು. ಸವಣೂರು ಧಾರವಾಡದ ಪಾಲಾಯಿತು. ಹಿಂದೆ ನವಾಬರ ಪೊಲಿಟಿಕಲ್ ಏಜೆಂಟನೂ ಆಗಿದ್ದ ಕಲೆಕ್ಟರನಿಗೆ ಇನ್ನು ಅದು ಬರಿಯ ಒಂದು ತಾಲೂಕಿನ ಊರು.