ತೀವ್ರ ಮಲಬದ್ಧತೆ

ತೀವ್ರ ಮಲಬದ್ಧತೆ ಎಂಬುದು ಅದುವರೆಗೆ ನಿಯಮಿತವಾಗಿದ್ದ ಮಲವಿಸರ್ಜನೆಯು ಕೆಲವೇ ದಿನಗಳಲ್ಲಿ ನಿಂತು, ಗಟ್ಟಿಯಾದ ಮಲವು ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಸಿಲುಕಿ, ಮುಕ್ಕಿದರೂ ಹೊರಬಾರದಿರುವ ಸ್ಥಿತಿಯಾಗಿದೆ. ತಿಂಗಳುಗಟ್ಟಲೆ ಕಾಡುವ ದೀರ್ಘಕಾಲಿಕ ಮಲಬದ್ಧತೆಗಿಂತ ಇದು ಭಿನ್ನವಾದುದು. ಇದು ಬಹುತೇಕ ಸಂದರ್ಭಗಳಲ್ಲಿ ಸರಳ ಉಪಚಾರದಿಂದ ಒಂದೆರಡು ದಿನಗಳಲ್ಲಿ ಪರಿಹಾರವಾಗುತ್ತದೆ. ಆದರೆ ಕರುಳಿನ ಅಡಚಣೆಯಂತಹ ತುರ್ತು ಕಾಯಿಲೆಯೂ ಮೊದಲ ದಿನ ಇದೇ ವೇಷದಲ್ಲಿ ಕಾಣಿಸಿಕೊಳ್ಳಬಹುದು.

ಉಡುಪಿ ಜಿಲ್ಲೆಯ ಕುಂದಾಪುರ ತಾಲ್ಲೂಕಿನ ಅಮಾಸೆಬೈಲು, ಹೊಸಂಗಡಿ, ಸಿದ್ದಾಪುರ ಮೊದಲಾದವು ಸಹ್ಯಾದ್ರಿಯ ತಪ್ಪಲಿನ ಊರುಗಳು. ಇಲ್ಲಿ ಮನೆಗಳು ಅಡಿಕೆ ತೋಟ ಮತ್ತು ಗದ್ದೆಗಳ ನಡುವೆ ಚದುರಿವೆ. ದೊಡ್ಡ ಆಸ್ಪತ್ರೆಗೆ ಕುಂದಾಪುರಕ್ಕೋ ಮಣಿಪಾಲಕ್ಕೋ ಹೋಗಬೇಕು. ಇಂತಹ ಕಡೆಗಳಲ್ಲಿ ಮೊದಲ ಎರಡು ದಿನದ ಆರೈಕೆ ಮನೆಯಲ್ಲಿಯೇ ನಡೆಯುವುದರಿಂದ, ಯಾವ ಔಷಧಿ ಕೊಡಬೇಕು ಎಂಬುದಕ್ಕಿಂತ ಯಾವಾಗ ಕೊಡಬಾರದು ಎಂಬ ತಿಳಿವಳಿಕೆ ಹೆಚ್ಚು ಉಪಯುಕ್ತ.

ಲಕ್ಷಣಗಳು

ಆರೋಗ್ಯವಂತರಲ್ಲಿ ದಿನಕ್ಕೆ ಮೂರು ಬಾರಿಯಿಂದ ವಾರಕ್ಕೆ ಮೂರು ಬಾರಿಯವರೆಗಿನ ಮಲವಿಸರ್ಜನೆಯನ್ನು ಸಹಜವೆಂದು ಪರಿಗಣಿಸಲಾಗುತ್ತದೆ. ಹೀಗಾಗಿ ಒಂದು ದಿನ ಹೋಗಲಿಲ್ಲ ಎಂಬುದು ಕಾಯಿಲೆಯಲ್ಲ. ವ್ಯಕ್ತಿಯ ವಾಡಿಕೆಯಿಂದ ಆದ ಬದಲಾವಣೆಯೇ ಮುಖ್ಯ. ಮಲದ ಸ್ವರೂಪವನ್ನು ಅಳೆಯಲು 1997ರಲ್ಲಿ ಪ್ರಕಟವಾದ ಬ್ರಿಸ್ಟಲ್ ಮಾಪಕವನ್ನು ಬಳಸಲಾಗುತ್ತದೆ. ಅದರ ಏಳು ವಿಧಗಳಲ್ಲಿ ಆಡಿನ ಹಿಕ್ಕೆಯಂತಹ ಬಿಡಿ ಉಂಡೆಗಳು ಮೊದಲನೆಯದು, ಉಂಡೆಗಳು ಒತ್ತಿಕೊಂಡು ಗಂಟುಗಂಟಾದ ಗಟ್ಟಿ ಮಲ ಎರಡನೆಯದು. ಇವೆರಡೂ ಮಲಬದ್ಧತೆಯ ಸೂಚಕಗಳು.

ಹೊಟ್ಟೆಯ ಕೆಳಭಾಗದಲ್ಲಿ ಭಾರ, ಗುದದ್ವಾರದಲ್ಲಿ ಒತ್ತಡ, ಪದೇಪದೇ ಹೋಗಬೇಕೆನಿಸಿದರೂ ಏನೂ ಬಾರದಿರುವುದು, ಹಸಿವು ಕುಂದುವುದು, ಓಕರಿಕೆ ಇವು ಸಾಮಾನ್ಯ ಲಕ್ಷಣಗಳು. ವೃದ್ಧರಲ್ಲಿ ಮೂತ್ರ ಕಟ್ಟುವುದು, ಗೊಂದಲ ಮತ್ತು ಚಡಪಡಿಕೆ ಮೊದಲು ಕಾಣಿಸಬಹುದು.

ಇನ್ನೊಂದು ಲಕ್ಷಣವು ದಾರಿ ತಪ್ಪಿಸುವಂತಹದು. ಗುದನಾಳದಲ್ಲಿ ಮಲದ ಗಟ್ಟಿ ಉಂಡೆ ಕುಳಿತಾಗ ಅದರ ಮೇಲಿನ ದ್ರವವು ಪಕ್ಕದಿಂದ ಜಿನುಗಿ, ತಡೆಯಲಾಗದೆ ಬಟ್ಟೆಗೆ ಸೋರುತ್ತದೆ. ಮನೆಯವರು ಇದನ್ನು ಭೇದಿಯೆಂದು ಭಾವಿಸಿ ಲೋಪೆರಮೈಡ್‌ನಂತಹ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಸ್ಥಿತಿ ಮತ್ತಷ್ಟು ಬಿಗಡಾಯಿಸುತ್ತದೆ. ಹಾಸಿಗೆ ಹಿಡಿದ ವೃದ್ಧರಲ್ಲಿ ಹಲವು ದಿನ ಮಲವಾಗದೆ ಇದ್ದು, ಬಳಿಕ ತಟಕ್ಕನೆ ನೀರುನೀರಾಗಿ ಹೋಗತೊಡಗಿದರೆ ಈ ಸಾಧ್ಯತೆಯನ್ನು ಮೊದಲು ಯೋಚಿಸಬೇಕು.

ವೈದ್ಯರ ಬಳಿ ಈ ತೊಂದರೆಯನ್ನು ನೇರವಾಗಿ ಹೇಳಲು ಸಂಕೋಚಪಟ್ಟು ‘ಗ್ಯಾಸ್ ಆಗಿದೆ’, ‘ಹೊಟ್ಟೆ ಸರಿ ಇಲ್ಲ’ ಎನ್ನುವವರು ಬಹಳ. ಹಾಗೆ ಹೇಳಿದಾಗ ಆಮ್ಲಶಾಮಕ ಸಿಗುವ ಸಾಧ್ಯತೆಯೇ ಹೆಚ್ಚು, ಮತ್ತು ಅಲ್ಯೂಮಿನಿಯಂ ಲವಣವಿರುವ ಆಮ್ಲಶಾಮಕಗಳು ತಾವೇ ಮಲವನ್ನು ಕಟ್ಟಿಸುತ್ತವೆ. ಕೊನೆಯ ಬಾರಿ ಮಲವಾದದ್ದು ಎಂದು, ವಾಯು ಹೋಗುತ್ತಿದೆಯೇ, ವಾಂತಿಯಾಗಿದೆಯೇ, ಯಾವ ಮಾತ್ರೆಗಳನ್ನು ಸೇವಿಸಲಾಗುತ್ತಿದೆ ಎಂಬ ನಾಲ್ಕು ಸಂಗತಿಗಳನ್ನು ಸ್ಪಷ್ಟವಾಗಿ ಹೇಳಿದರೆ ಅರ್ಧ ರೋಗನಿರ್ಣಯ ಆದಂತೆಯೇ.

ಉಂಟಾಗುವ ಬಗೆ

ಸಣ್ಣ ಕರುಳಿನಿಂದ ದಿನಕ್ಕೆ ಸುಮಾರು ಒಂದೂವರೆ ಲೀಟರ್‌ನಷ್ಟು ದ್ರವಾಂಶವು ದೊಡ್ಡ ಕರುಳನ್ನು ಸೇರುತ್ತದೆ. ಅದರಲ್ಲಿ ಬಹುಪಾಲು ನೀರನ್ನು ದೊಡ್ಡ ಕರುಳು ಹೀರಿಕೊಂಡು, ಉಳಿದದ್ದು ಮಲವಾಗುತ್ತದೆ. ಕರುಳಿನ ಚಲನೆ ನಿಧಾನವಾದಷ್ಟೂ ನೀರು ಹೀರಲು ಸಮಯ ಹೆಚ್ಚು ಸಿಕ್ಕಿ ಮಲ ಗಟ್ಟಿಯಾಗುತ್ತದೆ. ಮಲವು ಗುದನಾಳಕ್ಕೆ ಇಳಿದು ಅದನ್ನು ಹಿಗ್ಗಿಸಿದಾಗ ‘ಹೋಗಬೇಕು’ ಎಂಬ ವೇಗ ಹುಟ್ಟುತ್ತದೆ. ಈ ವೇಗವನ್ನು ತಡೆದರೆ ಕೆಲಹೊತ್ತಿನಲ್ಲಿ ಅದು ಅಡಗುತ್ತದೆ. ಮಲ ಮಾತ್ರ ಅಲ್ಲಿಯೇ ಉಳಿದು ಇನ್ನಷ್ಟು ಒಣಗುತ್ತದೆ. ಗಟ್ಟಿ ಮಲದಿಂದ ಗುದದ್ವಾರ ಸೀಳಿದರೆ ನೋವಿಗೆ ಹೆದರಿ ಮತ್ತೆ ತಡೆಯುವುದರಿಂದ ವಿಷವರ್ತುಲವೊಂದು ಆರಂಭವಾಗುತ್ತದೆ.

ಕಾರಣಗಳು

ಹಠಾತ್ತನೆ ಆರಂಭವಾದ ಮಲಬದ್ಧತೆಯಲ್ಲಿ ಮೊದಲು ಕೇಳಬೇಕಾದದ್ದು ಕಳೆದ ಎರಡು ವಾರಗಳಲ್ಲಿ ಹೊಸದಾಗಿ ಸೇರಿದ ಔಷಧಿಯ ಬಗ್ಗೆ. ಟ್ರಮಡಾಲ್, ಕೊಡೀನ್, ಮಾರ್ಫಿನ್ ಮೊದಲಾದ ಅಫೀಮು ವರ್ಗದ ನೋವುನಿವಾರಕಗಳು, ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು, ರಕ್ತದೊತ್ತಡಕ್ಕೆ ಕೊಡುವ ವೆರಪಮಿಲ್, ಅಮಿಟ್ರಿಪ್ಟಿಲಿನ್‌ನಂತಹ ಖಿನ್ನತೆ ನಿವಾರಕಗಳು, ಕೆಲವು ಕೆಮ್ಮಿನ ಔಷಧಿಗಳು ಇದಕ್ಕೆ ಪ್ರಸಿದ್ಧ. ಭಾರತದಲ್ಲಿ ಗರ್ಭಿಣಿಯರಿಗೆ ನಾಲ್ಕನೆಯ ತಿಂಗಳಿನಿಂದ 180 ದಿನ ಪ್ರತಿದಿನವೂ 60 ಮಿ.ಗ್ರಾಂ ಕಬ್ಬಿಣಾಂಶದ ಮಾತ್ರೆ ನೀಡುವ ಕಾರ್ಯಕ್ರಮವಿದ್ದು, ಮಲ ಕಟ್ಟುತ್ತದೆಂಬ ಕಾರಣಕ್ಕೆ ಅನೇಕರು ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. ರಕ್ತಹೀನತೆಯ ಅಪಾಯ ಇದಕ್ಕಿಂತ ದೊಡ್ಡದಾದ್ದರಿಂದ, ಮಾತ್ರೆ ನಿಲ್ಲಿಸುವ ಬದಲು ಆಶಾ ಕಾರ್ಯಕರ್ತೆಗೆ ಅಥವಾ ವೈದ್ಯರಿಗೆ ತಿಳಿಸಿ ಮಲ ಮೆದುಗೊಳಿಸುವ ಔಷಧಿಯನ್ನು ಸೇರಿಸಿಕೊಳ್ಳುವುದು ಸೂಕ್ತ.

ಜ್ವರ, ನಿರ್ಜಲೀಕರಣ, ಶಸ್ತ್ರಚಿಕಿತ್ಸೆ, ಮೂಳೆ ಮುರಿದು ಹಾಸಿಗೆಯಲ್ಲಿರುವುದು, ಪ್ರಯಾಣ, ಉಪವಾಸ ಇವು ಇತರ ಕಾರಣಗಳು. ಸೆಕೆಗಾಲದಲ್ಲಿ ಬೆವರು ಸುರಿಸಿ ದುಡಿಯುವವರಿಗೆ ನೀರಿನ ಕೊರತೆಯಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಬಾಯಾರಿಕೆಯೇ ಕಡಿಮೆ. ಜೊತೆಗೆ ಶೌಚಾಲಯವು ಮನೆಯಿಂದ ಪ್ರತ್ಯೇಕವಾಗಿ ಹಿತ್ತಿಲಲ್ಲಿದ್ದರೆ ಸುರಿವ ಮಳೆಯಲ್ಲಿ, ಜಾರುವ ಅಂಗಳ ದಾಟಲು ಹೆದರುವ ಅಜ್ಜ-ಅಜ್ಜಿಯರು ವೇಗವನ್ನು ತಡೆದುಕೊಳ್ಳುತ್ತಾರೆ, ರಾತ್ರಿ ಏಳಬೇಕಾಗುತ್ತದೆಂದು ನೀರನ್ನೂ ಕಡಿಮೆ ಮಾಡುತ್ತಾರೆ. ಥೈರಾಯ್ಡ್ ಸ್ರಾವದ ಕೊರತೆ, ಮಧುಮೇಹ, ಪಾರ್ಕಿನ್ಸನ್ ಕಾಯಿಲೆ, ದೊಡ್ಡ ಕರುಳಿನ ಕ್ಯಾನ್ಸರ್ ಇವುಗಳ ಪೈಕಿ ಯಾವುದೂ ಹಿನ್ನೆಲೆಯಲ್ಲಿರಬಹುದು.

ಅಪಾಯದ ಸೂಚನೆಗಳು

ಯಾವುದೇ ವಿರೇಚಕವನ್ನು ಕೊಡುವ ಮೊದಲು ಕರುಳಿನ ದಾರಿ ತೆರೆದಿದೆಯೇ ಎಂದು ತಿಳಿಯಬೇಕು. ಮಲದೊಂದಿಗೆ ವಾಯುವೂ ಸಂಪೂರ್ಣ ನಿಂತು, ಹೊಟ್ಟೆ ಉಬ್ಬಿ, ವಾಂತಿಯಾಗತೊಡಗಿದರೆ ಅದು ಕರುಳಿನ ಅಡಚಣೆಯ ಸೂಚನೆ. ಅಂಡವಾಯು ಸಿಕ್ಕಿಕೊಂಡಿರುವುದು, ಕರುಳು ತಿರುಚಿಕೊಂಡಿರುವುದು, ಹಿಂದಿನ ಶಸ್ತ್ರಚಿಕಿತ್ಸೆಯ ಅಂಟುಗಳು ಅಥವಾ ಗಡ್ಡೆ ಇದಕ್ಕೆ ಕಾರಣವಾಗಿರಬಹುದು. ಮುಚ್ಚಿದ ದಾರಿಯ ಮೇಲೆ ವಿರೇಚಕವು ಕರುಳನ್ನು ಬಲವಾಗಿ ಹಿಂಡಿಸಿದರೆ ನೋವು ಹೆಚ್ಚುವುದಷ್ಟೇ ಅಲ್ಲ, ಕರುಳು ಹರಿಯುವ ಸಂಭವವೂ ಇದೆ. ಇಂತಹ ರೋಗಿಗೆ ಬಾಯಿಯ ಮೂಲಕ ಏನನ್ನೂ ಕೊಡದೆ ಆಸ್ಪತ್ರೆಗೆ ಒಯ್ಯಬೇಕು.

ತೊಡೆಸಂದಿನಲ್ಲಿ ನೋಯುವ, ಒಳಹೋಗದ ಗಂಟು, ಬಿಡದ ತೀವ್ರ ಹೊಟ್ಟೆನೋವು, ಜ್ವರ, ಕಪ್ಪಗಿನ ಅಥವಾ ರಕ್ತಮಿಶ್ರಿತ ಮಲ (ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ ಎಂಬುದನ್ನು ನೆನಪಿಡಬೇಕು), ಮೂತ್ರ ಕಟ್ಟಿರುವುದು ಇವುಗಳಿಗೂ ಕೂಡಲೇ ವೈದ್ಯರ ನೆರವು ಬೇಕು. ಸೊಂಟನೋವಿನೊಂದಿಗೆ ಕಾಲುಗಳು ಸೋತು, ಗುದದ್ವಾರದ ಸುತ್ತ ಸ್ಪರ್ಶವೇ ತಿಳಿಯದಂತಾದರೆ ಅದು ಬೆನ್ನುಹುರಿಯ ಕೆಳಗಿನ ನರಗಳ ಮೇಲಿನ ಒತ್ತಡ. ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ದೊರೆಯಬೇಕು. ಐವತ್ತು ದಾಟಿದವರಲ್ಲಿ ಮೊದಲ ಬಾರಿಗೆ ಕಾಣಿಸಿದ ಮಲಬದ್ಧತೆ, ಅದರಲ್ಲೂ ತೂಕ ಇಳಿದಿದ್ದರೆ, ಉಪಶಮನವಾದ ಮೇಲೂ ತಪಾಸಣೆಗೆ ಯೋಗ್ಯ.

ರಾಜ್ಯದಲ್ಲಿ 108 ಸಂಖ್ಯೆಯ ಉಚಿತ ಆಂಬುಲೆನ್ಸ್ ಸೇವೆ ಲಭ್ಯವಿದೆ. ತಪ್ಪಲಿನ ಊರುಗಳಲ್ಲಿ ಮನೆಯಿಂದ ಡಾಂಬರು ರಸ್ತೆಯವರೆಗಿನ ಹಾದಿಯೇ ಕಷ್ಟದ್ದಾಗಿರಬಹುದಾದ್ದರಿಂದ, ಮೇಲಿನ ಸೂಚನೆಗಳು ಸಂಜೆಯ ಹೊತ್ತಿಗೆ ಕಂಡರೆ ಬೆಳಗಾಗಲೆಂದು ಕಾಯುವುದು ಸರಿಯಲ್ಲ.

ಮನೆಯಲ್ಲಿ ಉಪಶಮನ

ವಾಂತಿ, ಹೊಟ್ಟೆಯುಬ್ಬರ, ತೀವ್ರ ನೋವು ಇಲ್ಲದೆ, ವಾಯು ಸರಾಗವಾಗಿ ಹೋಗುತ್ತಿದ್ದರೆ ಮನೆಯಲ್ಲಿ ಪ್ರಯತ್ನಿಸಬಹುದು. ಇಲ್ಲಿ ಕ್ರಮ ಮುಖ್ಯ. ಮಲವು ಗುದದ್ವಾರದ ಬಳಿಯೇ ಕಲ್ಲಿನಂತೆ ಕುಳಿತಿರುವ ಅನುಭವವಿದ್ದರೆ ಮೊದಲು ಕೆಳಗಿನಿಂದ ದಾರಿ ಮಾಡಬೇಕು. ಮೇಲಿನಿಂದ ಬಲವಾದ ಭೇದಿ ಔಷಧಿ ಕೊಟ್ಟರೆ ಕರುಳು ಹಿಂಡಿ ನೋವಾಗುವುದೇ ಹೊರತು ಉಂಡೆ ಜರುಗುವುದಿಲ್ಲ. ಔಷಧಿ ಅಂಗಡಿಗಳಲ್ಲಿ ದೊರೆಯುವ ಗ್ಲಿಸರಿನ್ ಸಪೊಸಿಟರಿಯನ್ನು ನೀರಿನಲ್ಲಿ ಒದ್ದೆ ಮಾಡಿ, ಎಡಮಗ್ಗುಲಿಗೆ ಮಲಗಿ ಗುದದ್ವಾರದೊಳಗೆ ಇರಿಸಿದರೆ ಸಾಮಾನ್ಯವಾಗಿ 15 ನಿಮಿಷದಿಂದ ಒಂದು ಗಂಟೆಯೊಳಗೆ ಪರಿಣಾಮ ಕಾಣಿಸುತ್ತದೆ. ವಯಸ್ಕರಿಗೆ 10 ಮಿ.ಗ್ರಾಂ ಬೈಸಕೊಡಿಲ್ ಸಪೊಸಿಟರಿಯೂ ಇಷ್ಟೇ ಸಮಯದಲ್ಲಿ ಕೆಲಸ ಮಾಡುತ್ತದೆ.

ಕುಳಿತುಕೊಳ್ಳುವ ಭಂಗಿಯಿಂದಲೂ ಪ್ರಯೋಜನವಿದೆ. ಕುಕ್ಕರುಗಾಲಿನಲ್ಲಿ ಕುಳಿತಾಗ ಗುದನಾಳದ ಬಾಗು ನೇರವಾಗಿ ಮಲ ಇಳಿಯುವುದು ಸುಲಭ. ಪಾಶ್ಚಾತ್ಯ ಮಾದರಿಯ ಕಮೋಡ್ ಬಳಸುವವರು ಪಾದದಡಿ ಗಿಡ್ಡ ಮಣೆಯಿರಿಸಿ ಮುಂದಕ್ಕೆ ಬಾಗಬಹುದು. ಊಟ-ತಿಂಡಿಯ ನಂತರದ ಅರ್ಧ ಗಂಟೆಯಲ್ಲಿ, ವಿಶೇಷವಾಗಿ ಬೆಳಿಗ್ಗೆ, ದೊಡ್ಡ ಕರುಳು ತಾನಾಗಿ ಚಲಿಸುವುದರಿಂದ ಆ ಹೊತ್ತನ್ನೇ ಆರಿಸಿಕೊಳ್ಳುವುದು ಮೇಲು. ಉಸಿರು ಕಟ್ಟಿ ಮುಕ್ಕುವುದರಿಂದ ರಕ್ತದೊತ್ತಡ ಏರಿಳಿದು ತಲೆಸುತ್ತಿ ಬೀಳಬಹುದು. ಹೃದ್ರೋಗಿಗಳಿಗೆ ಇದು ಸಲ್ಲದು. ಬಾಗಿಲ ಚಿಲಕ ಹಾಕದೆ, ಮನೆಯವರು ಕೂಗಳತೆಯಲ್ಲಿರುವುದು ಒಳ್ಳೆಯದು.

ಬೆರಳು, ಸಾಬೂನಿನ ಚೂರು, ಎಣ್ಣೆ ಹಚ್ಚಿದ ವೀಳ್ಯದೆಲೆಯ ತೊಟ್ಟು ಮುಂತಾದವನ್ನು ಒಳತೂರಿಸುವ ರೂಢಿ ಇಂದಿಗೂ ಇದೆ. ಮಕ್ಕಳ ವಿಷಯದಲ್ಲಿ ಇದು ಹೆಚ್ಚು. ಗುದನಾಳದ ಒಳಪೊರೆ ಬಹಳ ಮೃದುವಾದುದರಿಂದ ಗಾಯ, ಉರಿಯೂತವಾಗುವ ಅಪಾಯವಿದ್ದು, ಇದನ್ನು ಕೈಬಿಡಬೇಕು. ಸಾಬೂನು ನೀರಿನ ಎನಿಮಾಕ್ಕೂ ಇದೇ ಮಾತು ಅನ್ವಯ.

ವಿರೇಚಕಗಳು

ಕೆಳಗಿನ ದಾರಿ ಸ್ವಲ್ಪ ತೆರೆದ ಮೇಲೆ ಮೇಲಿನ ಮಲವನ್ನು ಮೆದುಗೊಳಿಸುವ ಔಷಧಿ ಸಹಾಯಕ. ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಮತ್ತು ಲ್ಯಾಕ್ಟ್ಯುಲೋಸ್ ದ್ರಾವಣಗಳು ಕರುಳಿನಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಇವುಗಳ ಪರಿಣಾಮ ಕಾಣಲು ಒಂದರಿಂದ ಮೂರು ದಿನ ಬೇಕು. ಒಂದೇ ರಾತ್ರಿಯಲ್ಲಿ ಫಲ ಸಿಗಲಿಲ್ಲವೆಂದು ಪ್ರಮಾಣ ಏರಿಸುವುದು ತಪ್ಪು. ಬೈಸಕೊಡಿಲ್ ಮಾತ್ರೆ ಮತ್ತು ಸೋನಾಮುಖಿಯು ಕರುಳನ್ನು ಪ್ರಚೋದಿಸಿ 6ರಿಂದ 12 ಗಂಟೆಗಳಲ್ಲಿ ಕೆಲಸ ಮಾಡುವುದರಿಂದ ರಾತ್ರಿ ಮಲಗುವಾಗ ಸೇವಿಸುವುದು ವಾಡಿಕೆ. ಮ್ಯಾಗ್ನೀಷಿಯಂ ಲವಣಗಳು ಮೂತ್ರಪಿಂಡದ ಕಾಯಿಲೆಯಿರುವವರಿಗೆ ಅಪಾಯಕಾರಿ. ದ್ರವ ಪ್ಯಾರಫಿನ್ ಬೆರೆತ ಔಷಧಿಯನ್ನು ಮಲಗಿದಲ್ಲೇ ಇರುವ, ನುಂಗಲು ತೊಡಕಿರುವ ರೋಗಿಗೆ ಕುಡಿಸಿದರೆ ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು.

ಇಸಬ್‌ಗೋಲ್ ಸಿಪ್ಪೆಯ ಬಗ್ಗೆ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಅದು ನೀರು ಹೀರಿ ಉಬ್ಬುವ ನಾರು. ಮಲಬದ್ಧತೆ ಮರುಕಳಿಸದಂತೆ ತಡೆಯಲು ಉತ್ತಮ. ಈಗಾಗಲೇ ಮಲ ಸಿಲುಕಿರುವಾಗ ತಿಂದರೆ ಅಡಚಣೆಯ ಹಿಂದೆ ಇನ್ನೊಂದು ರಾಶಿ ಸೇರಿದಂತಾಗುತ್ತದೆ. ಸೇವಿಸುವಾಗಲೂ ಒಂದೆರಡು ಚಮಚಕ್ಕೆ ದೊಡ್ಡ ಲೋಟದ ತುಂಬ ನೀರು ಕುಡಿಯಲೇಬೇಕು.

ನಾಟಿ ಪದ್ಧತಿಯಲ್ಲಿ ಹರಳೆಣ್ಣೆಗೆ ಮೊದಲ ಸ್ಥಾನ. ಕರುಳಿನಲ್ಲಿ ಅದರಿಂದ ಬಿಡುಗಡೆಯಾಗುವ ರಿಸಿನೋಲಿಯಿಕ್ ಆಮ್ಲವು ಕೆಲವೇ ಗಂಟೆಗಳಲ್ಲಿ ಬಲವಾದ ಭೇದಿ ಮಾಡಿಸುತ್ತದೆ. ಗರ್ಭಾಶಯವನ್ನೂ ಸಂಕುಚಿಸಬಲ್ಲ ಕಾರಣ ಗರ್ಭಿಣಿಯರಿಗೆ ವರ್ಜ್ಯ. ಸಹ್ಯಾದ್ರಿಯಲ್ಲಿ ಬೆಳೆಯುವ ಕಕ್ಕೆ ಮರದ ಕಾಯಿಯ ತಿರುಳನ್ನು ಆಯುರ್ವೇದವು ಮೃದು ವಿರೇಚಕವೆಂದೂ, ಅಳಲೆ, ತಾರೆ, ನೆಲ್ಲಿಗಳ ತ್ರಿಫಲಾ ಚೂರ್ಣವನ್ನು ನಿತ್ಯಸೇವನೆಗೆ ಯೋಗ್ಯವೆಂದೂ ಪರಿಗಣಿಸುತ್ತದೆ. ಜಾಪಾಳದ ಬೀಜ ಮಾತ್ರ ವಿಷಕಾರಿ. ಶುದ್ಧಿ ಮಾಡದ ಬೀಜವನ್ನು ಮನೆಮದ್ದಾಗಿ ಎಂದೂ ಬಳಸಬಾರದು.

ಮಲದ ವೇಗವನ್ನು ತಡೆಯುವುದರ ದುಷ್ಪರಿಣಾಮಗಳನ್ನು ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ ಹಾಗೂ ಅಷ್ಟಾಂಗಹೃದಯದ ಸೂತ್ರಸ್ಥಾನದ ನಾಲ್ಕನೆಯ ಅಧ್ಯಾಯಗಳು ವಿವರಿಸುತ್ತವೆ.

ಆಸ್ಪತ್ರೆಯ ಚಿಕಿತ್ಸೆ

ವೈದ್ಯರು ಹೊಟ್ಟೆಯನ್ನು ಪರೀಕ್ಷಿಸಿ, ಕೈಗವಸು ತೊಟ್ಟ ಬೆರಳಿನಿಂದ ಗುದನಾಳವನ್ನು ಪರೀಕ್ಷಿಸುತ್ತಾರೆ. ಮುಜುಗರದ ಕಾರಣಕ್ಕೆ ರೋಗಿಗಳು ಬೇಡವೆನ್ನುವ ಈ ಒಂದು ನಿಮಿಷದ ಪರೀಕ್ಷೆಯು ಸಿಲುಕಿದ ಮಲ, ಬಿರುಕು, ಗಡ್ಡೆ ಮೂರನ್ನೂ ತಿಳಿಸಬಲ್ಲದು. ಅಡಚಣೆಯ ಶಂಕೆಯಿದ್ದರೆ ಎಕ್ಸ್-ರೇ ಅಥವಾ ಸಿ.ಟಿ. ಸ್ಕ್ಯಾನ್ ಮಾಡಲಾಗುತ್ತದೆ. ಸಿಲುಕಿದ ಮಲವನ್ನು ಎನಿಮಾದಿಂದ ಮೆದುಗೊಳಿಸಿ, ಅಗತ್ಯವಾದರೆ ಮರವು ಬರಿಸುವ ಜೆಲ್ ಹಚ್ಚಿ ತರಬೇತಾದ ಸಿಬ್ಬಂದಿ ಬೆರಳಿನಿಂದ ತುಂಡು ತುಂಡಾಗಿ ತೆಗೆಯುತ್ತಾರೆ. ಫಾಸ್ಫೇಟ್ ಎನಿಮಾವು ವೃದ್ಧರಲ್ಲಿ ಮತ್ತು ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ರಕ್ತದ ಲವಣಾಂಶಗಳನ್ನು ಅಪಾಯಕರವಾಗಿ ಏರುಪೇರು ಮಾಡಬಹುದಾದ್ದರಿಂದ ಅದನ್ನು ಮನೆಯಲ್ಲಿ ಕೊಡುವುದು ಸಲ್ಲದು.

ಶಿಶುಗಳು

ಎದೆಹಾಲು ಮಾತ್ರ ಕುಡಿಯುವ, ಕೆಲವು ವಾರ ಕಳೆದ ಶಿಶು ಹಲವು ದಿನ ಮಲ ಮಾಡದಿದ್ದರೂ, ಮಲ ಮೃದುವಾಗಿದ್ದು ಮಗು ಲವಲವಿಕೆಯಿಂದಿದ್ದರೆ ಅದು ಮಲಬದ್ಧತೆಯಲ್ಲ. ನವಜಾತ ಶಿಶು ಮೊದಲ 48 ಗಂಟೆಗಳಲ್ಲಿ ಮಲ ಮಾಡದಿದ್ದರೆ, ಅಥವಾ ಯಾವ ಶಿಶುವಾದರೂ ಹೊಟ್ಟೆಯುಬ್ಬಿ ಹಸಿರು ವಾಂತಿ ಮಾಡಿದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನುತುಪ್ಪ ನೆಕ್ಕಿಸಬಾರದು.

ಆಹಾರ

ವಯಸ್ಕರಿಗೆ ದಿನಕ್ಕೆ 25ರಿಂದ 30 ಗ್ರಾಂ ನಾರಿನಂಶ ಬೇಕು. ಕುಂದಾಪುರ ಸೀಮೆಯ ಅಡುಗೆಯಲ್ಲಿ ಇದಕ್ಕೆ ಕೊರತೆಯಿಲ್ಲ: ಬಸಳೆ, ಹರಿವೆ, ಬಾಳೆದಿಂಡು, ಕೆಸುವಿನ ಎಲೆಯ ಪತ್ರೊಡೆ, ಹೆಸರು, ಹುರುಳಿ, ಹಲಸಿನ ತೊಳೆ. ಕುಚ್ಚಲಕ್ಕಿಯ ಗಂಜಿಯನ್ನು ತಿಳಿಯೊಂದಿಗೆ ಉಣ್ಣುವುದರಿಂದ ನೀರೂ ಸೇರುತ್ತದೆ. ಆದರೆ ಕುಚ್ಚಲಕ್ಕಿ ಎಂಬ ಮಾತ್ರಕ್ಕೆ ನಾರು ಹೆಚ್ಚೆನ್ನಲಾಗದು; ತವುಡು ಉಳಿದ ಕೆಂಪಕ್ಕಿಗೂ, ಪೂರ್ತಿ ಪಾಲಿಶ್ ಮಾಡಿದ ಕುಚ್ಚಲಕ್ಕಿಗೂ ವ್ಯತ್ಯಾಸವಿದೆ. ಬಾಳೆಹಣ್ಣು ಚೆನ್ನಾಗಿ ಮಾಗಿರಬೇಕು. ಕಾಯಿಬಾಳೆ ಮಲವನ್ನು ಕಟ್ಟಿಸುತ್ತದೆ.

ಸಿಲುಕಿದ ಮಲ ಹೊರಬಿದ್ದ ದಿನವೇ ಸೊಪ್ಪು-ಕಾಳುಗಳನ್ನು ರಾಶಿ ತಿಂದರೆ ಹೊಟ್ಟೆಯುಬ್ಬರವಾಗುತ್ತದೆ. ಒಂದೆರಡು ದಿನ ತೆಳು ಗಂಜಿ, ಮಜ್ಜಿಗೆ, ಸಾರುಗಳಲ್ಲಿ ಕಳೆದು, ನಾರನ್ನು ವಾರದ ಅವಧಿಯಲ್ಲಿ ಹಂತಹಂತವಾಗಿ ಏರಿಸಬೇಕು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ವೈದ್ಯರು ನೀರಿನ ಮಿತಿ ಹೇಳಿರುವವರು ಆ ಮಿತಿಯನ್ನು ಮೀರಬಾರದು. ಅಫೀಮು ವರ್ಗದ ನೋವುನಿವಾರಕ ಮುಂದುವರಿಯುವ ರೋಗಿಗಳಿಗೆ ಆಹಾರವೊಂದೇ ಸಾಲದು. ಆ ಮಾತ್ರೆ ಇರುವಷ್ಟು ದಿನವೂ ವಿರೇಚಕವನ್ನು ಜೊತೆಗೇ ಬರೆಯಿಸಿಕೊಳ್ಳಬೇಕಾಗುತ್ತದೆ.